ಮರಿಗಿ

ಕಾರವಾರದ ಕೆಸರು ಬಂದದ್ದು
ಐಸ್ ತುಂಬಿದ ಮೀನಿನ ಡಬ್ಬಿಯೊಳಗ,
ಸರಕಾರಿ ಬಸ್ಸಿನ ಹಿಂದಿನ ಸೀಟಿನ್ಯಾಗ.
ಕಂಡಕ್ಟರ್ ಮೂಗು ಮುಚ್ಚಿ ಕೇಳಿದ್ನಂತ:
ಬಂಗಡಿ ಏನ್ರಿ ಅಕ್ಕಾರ?
ಮಣ್ಣು, ಅಂದ್ರಂತ ತಬಸ್ಸುಮ್ ಮೇಡಂ.
ಮಣ್ಣಿಗೂ ಅರ್ಧಾ ಟಿಕೀಟು ಹರದ.

ಧಾರವಾಡದಾಗ ಸಮುದ್ರ ಇಲ್ಲ.
ಕೆಲಗೇರಿ ಕೆರಿ ಐತಿ, ಅದರಾಗ ಎಮ್ಮಿ ಇಳೀತಾವ.
ಅದಕ್ಕ ನಾವ ಸಮುದ್ರಾ ಮಾಡಬೇಕಾತು:
ಉಪ್ಪು ತೂಗಿ, ಅಗರ್ ಕುದಿಸಿ,
ಗಾಜಿನ ತಾಟಿಗೆ ಸುರುವಿ, ಆರಾಕ ಬಿಟ್ಟು.
ಮೂರನೇ ದಿನಕ್ಕ ತಾಟಿನ ಮ್ಯಾಲ
ಕೆನಿಯಂಥಾ ಚುಕ್ಕಿ ಎದ್ವು.
ಕಣ್ಣಿಗೆ ಕಾಣದ್ದು ಲಕ್ಷಗಟ್ಟಲೆ ಕೂಡಿದ್ರ
ಒಂದು ಸಾಸಿವಿ ಕಾಳಿನಷ್ಟು ಕಾಣತಾವ, ನೋಡ್ರಿ.

ನಂದು ಗಾಜು ತೊಳಿಯೋ ಕೆಲಸ. ಹನ್ನೊಂದು ವರ್ಷಾತು.
ನೀಲವ್ವ, ಇವು ಬೆಳ್ಳಿ ಮಾಡತಾವ, ಅಂದ್ರು ಮೇಡಂ.
ನಾ ನಕ್ಕೆ.
ನಾವು ಜಲಗಾರರು. ನಮಗೇನು ಬೆಳ್ಳಿ ಬಂಗಾರ ಹೊಸಾದಾ?

ನಮ್ಮಜ್ಜಿ ಫಕ್ಕೀರವ್ವ ಡೋಣಿ ಹಳ್ಳದಾಗ
ಮಳಿ ನಿಂತ ಮರುದಿನ ಮರಿಗಿ ಹಿಡದು ಕುಂತ್ರ
ಉಸುಕು ಸುತ್ತತಿತ್ತು, ನೀರು ಸುತ್ತತಿತ್ತು,
ಆಕಿ ಮಾತ್ರ ಅಲಗತಿರಲಿಲ್ಲ.
ಹಳ್ಳದಾಗ ಏನೂ ಸಿಗದಂಗಾದ ಮ್ಯಾಲ
ಗದಗಿನ ಅಕ್ಕಸಾಲಿಗರ ಓಣಿಗೆ ಬಂದು
ಗಟಾರದ ರಾಡಿ ಬಳದು ತೊಳದ್ಲು.
ಕಡೀಕ ಪಾದರಸ ಹನಿಸಿ, ಬರಿಗೈಲೆ ತಿಕ್ಕಿ,
ಅಗ್ಗಿಷ್ಟಿಗಿ ಮ್ಯಾಲ ಸುಟ್ಟು, ಹೊಗಿ ಕುಡದು,
ಗುಲಗಂಜಿಯಷ್ಟು ಬಂಗಾರ.

ಮೇಡಂ ಫ್ಲಾಸ್ಕಿನ್ಯಾಗ ಬೆಳ್ಳಿಯ ಉಪ್ಪು ಬಿಟ್ರು.
ಬೆಳಕು ತಾಗಬಾರದಂತ ಚಪಾತಿ ಸುತ್ತೂ ಹಾಳಿ ಸುತ್ತಿ
ಶೇಕರ್ ಮ್ಯಾಲ ಕೂಡಿಸಿದ್ರು.
ಒಂದು ಹನಿ ನನ್ನ ಬೆರಳಿಗೆ ಸಿಡೀತು, ಸಂಜಿಗೆ ಕರ್ರಗ.
ಅದು ಅವಕ್ಕ ವಿಷ, ಅಂದ್ರು.
ಒಳಗ ಇಟ್ಟುಕೊಂಡ್ರ ಸಾಯತಾವ.
ಅದನ್ನ ಗಟ್ಟಿ ಕಣಾ ಮಾಡಿ ಹೊರಗ ಇಡತಾವ.
ಅವು ಬದುಕಾಕ ಮಾಡಿದ್ದು, ನಾವು ಬೆಳ್ಳಿ ಅಂತೇವಿ.

ಅವತ್ತು ನನ್ನ ಬುತ್ತಿ ಬಿಚ್ಚದನ ಮನಿಗೆ ತಿರುಗಿ ಬಂತು.
ಕಡೇ ಕಾಲಕ್ಕ ಅಜ್ಜಿ ಚಹಾದ ಕಪ್ಪು ಹಿಡದ್ರ
ಬಸಿ ಮ್ಯಾಲ ಟಣಟಣ ಟಣಟಣ.
ಹಲ್ಲು ಅಲಗಿದ್ವು. ಮಕ್ಕಳ ಹೆಸರು ಮರತಿದ್ಲು.
ಹೊರಗ ಇಡೂದು ಆಕಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಐತವಾರ ಕರೆಂಟ್ ಹೋತು, ಶೇಕರ್ ನಿಂತಿತು.
ಮೇಡಂ ಹುಬ್ಬಳ್ಳಿಯಾಗ, ತಂಗಿ ನಿಕಾಹದಾಗ.
ನಾ ಸ್ಟೂಲ್ ಎಳಕೊಂಡು
ಎರಡೂ ಕೈಯಾಗ ಒಂದೊಂದು ಫ್ಲಾಸ್ಕ್ ಹಿಡದು ಸುತ್ತಿಸಿದೆ.
ಮಣಿಕಟ್ಟಿಗೆ ಯಾರೂ ಕಲಿಸಿರಲಿಲ್ಲ, ಅದಕ್ಕ ಗೊತ್ತಿತ್ತು.
ಎರಡೂವರಿ ತಾಸು ಮೈ ಅಲಗಲಿಲ್ಲ.
ಕಿಡಕಿಯಾಚಿ ಬೇವಿನ ಗಿಡದಾಗ ಒಂದ ಕಾಗಿ
ಕೂಗಿ ಕೂಗಿ ಬ್ಯಾಸತ್ತು ಹೋತು.
ಹಾಳಿ ಸರಿಸಿದೆ:
ಎಡಗೈಯಾಗ ಬರೇ ಉಪ್ಪಿಂದು, ಜೀವ ಇಲ್ಲದ್ದು, ಇನ್ನೂ ನೀರ ನೀರು.
ಬಲಗೈಯಾಗ
ಬಾಳ ಹೊತ್ತು ಕುದ್ದ ಚಹಾದ ಬಣ್ಣ.

ಸೋಮವಾರ ಹೇಳೇಬಿಟ್ಟೆ. ಬೈತಾರಂತ ತಿಳದಿದ್ದೆ.
ಮೇಡಂ ಸುಮ್ಮನ ಕುಂತು, ವಹಿಯೊಳಗ
ನಿಮಿಷಕ್ಕ ನೂರಾ ಇಪ್ಪತ್ತು ಸುತ್ತು ಅಂತ ಇದ್ದಲ್ಲೆ
ಬಗಲಿಗೆ ಬರದ್ರು:
ನಡುವ ಎರಡೂವರಿ ತಾಸು, ಕೈಲೆ. ನೀಲವ್ವ ಜಲಗಾರ.
ಪೆನ್ಸಿಲ್ಲಿಲೆ ಅಲ್ಲ, ಪೆನ್ನಿಲೆ.
ಮುಂದ ದೊಡ್ಡ ಸಾಹೇಬ್ರು ಹೊಡದು ಹಾಕ್ಯಾರೇನೋ, ನನಗ ಗೊತ್ತಿಲ್ಲ.

ಕಣದ ಫೋಟೋ ಬಂತು. ಬೂದಿ ಮ್ಯಾಲ ಕರಿ ಚುಕ್ಕಿ.
ಒಂದು ಕೂದಲಿನ ದಪ್ಪಕ್ಕ ಸಾವಿರಾರು ಹಿಡಸ್ತಾವಂತ.
ಅಜ್ಜಿಯ ಮರಿಗಿ ಇವನ್ನ ಹಿಡೀತಿರಲಿಲ್ಲ,
ನೀರಿನ ಜೋಡಿ ಹೋಗೇಬಿಡತಿದ್ವು.
ಎಷ್ಟು ಹೋಗ್ಯಾವೋ.

ಇವತ್ತ ಆ ಫ್ಲಾಸ್ಕ್ ತೊಳೀಬೇಕು.
ಮೊದಲ ಉಗಿಯೊಳಗ ಇಟ್ಟು ಅವನ್ನ ಸಾಯಿಸಬೇಕು, ಅದು ನೇಮ.
ಮುಚ್ಚಳ ಬಿಗಿಯೂ ಮುಂದ ಒಂದು ಗಳಿಗಿ ನಿಂತೆ.
ಆಮ್ಯಾಲ ಗೂಟದಾಗಿನ ಕೈಗವಸು ತಗೊಂಡು
ಹಾಕ್ಕೊಂಡೆ, ಎರಡೂ ಕೈಗೆ,
ಒಂದೊಂದ ಬೆರಳು.